ರಾಜ್ಯಾಂಗ ರಕ್ಷಣೆಯ ನ್ಯಾಯಮಾರ್ಗಗಳು

ಮುಂಬಯಿಯ ಗಿರಣಿ ಕಾರ್ಮಿಕರ ನೆಲೆಯಾದ ಪರೇಲಿನ ಒಂದು ಚಾಳಿನಲ್ಲಿ ಡಾ. ಅಂಬೇಡ್ಕರರು ಅನೇಕ ವರ್ಷ ವಾಸವಾಗಿದ್ದರು. 1924ರಲ್ಲಿ ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆಯ ಕಚೇರಿಯೂ ಪರೇಲಿನ ದಾಮೋದರ ಹಾಲಿನಲ್ಲಿತ್ತು. ಹಕ್ಕನ್ನು ಸಾರಿದರೆ ಸಾಲದು, ಅದನ್ನು ಪಡೆಯುವ ಮಾರ್ಗವೂ ಇರಬೇಕೆಂಬುದು ಅವರ ದೃಢಮತ. ಆದುದರಿಂದಲೇ 1948ರ ಡಿಸೆಂಬರ್ 9ರಂದು ರಾಜ್ಯಾಂಗ ಸಭೆಯಲ್ಲಿ, ಇಂದಿನ 32ನೆಯ ಅನುಚ್ಛೇದವನ್ನು ರಾಜ್ಯಾಂಗದ ಹೃದಯ, ಆತ್ಮವೆಂದು ಅವರು ಬಣ್ಣಿಸಿದರು. ಮೂಲಭೂತ ಹಕ್ಕಿಗೆ ಭಂಗ ಬಂದವನು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋಗಬಹುದೆಂಬುದೇ ಅದರ ಸಾರ.

ಬಹುಮತ ಪಡೆದ ಸರಕಾರವೇ ಮೇರೆ ಮೀರಿದಾಗ ಈ ಮಾರ್ಗದ ಫಲವೇನು? ಕನ್ನಡಿಗರ ನಡುವಿನಿಂದ ಹೊರಟ ಮೂರು ವ್ಯಾಜ್ಯಗಳು ಇದನ್ನು ವಿಶದಪಡಿಸುತ್ತವೆ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನಗಳನ್ನು ಪ್ರಶ್ನಿಸಿದರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠವು, ಪಾರ್ಲಿಮೆಂಟು ರಾಜ್ಯಾಂಗವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸಲಾಗದೆಂದು ಏಳು ಮತಗಳ ಬಹುಮತದಿಂದ ನಿರ್ಣಯಿಸಿತು. ಆ ಶಾಸನಗಳಿಗೆ ರಕ್ಷಣೆಯಿತ್ತ 29ನೆಯ ತಿದ್ದುಪಡಿ ಮಾತ್ರ ಊರ್ಜಿತವಾಗಿಯೇ ಉಳಿಯಿತು.

1976ರ 42ನೆಯ ತಿದ್ದುಪಡಿಯು, ಯಾವ ತಿದ್ದುಪಡಿಯನ್ನೂ ನ್ಯಾಯಾಲಯದಲ್ಲಿ ಪ್ರಶ್ನಿಸಕೂಡದೆಂದು ವಿಧಿಸಿತು. ಬೆಂಗಳೂರಿನ ಮಿನರ್ವ ಬಟ್ಟೆ ಗಿರಣಿಯ ವ್ಯಾಜ್ಯದಲ್ಲಿ, 1980ರಲ್ಲಿ, ಆ ವಿಧಿ ರದ್ದಾಯಿತು. ಗಿರಣಿಯ ರಾಷ್ಟ್ರೀಕರಣವಂತೂ ನಿಲ್ಲಲಿಲ್ಲ.

1989ರ ಏಪ್ರಿಲ್ 21ರಂದು ಕರ್ನಾಟಕದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಸರಕಾರ ವಜಾಗೊಂಡಿತು. ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವರಿಗೆ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರ ತೀರ್ಪು, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯೂ ನ್ಯಾಯವಿಮರ್ಶೆಗೆ ಒಳಪಟ್ಟದ್ದೆಂದು ಸ್ಥಾಪಿಸಿತು. ಅಷ್ಟರಲ್ಲಿ ಹೊಸ ಚುನಾವಣೆ ಮುಗಿದು ವರ್ಷಗಳೇ ಸಂದಿದ್ದವು.

ಮೂರರಲ್ಲಿಯೂ ವಾದಿಗೆ ದಕ್ಕಿದ್ದು ಅಲ್ಪ, ದೇಶಕ್ಕೆ ದಕ್ಕಿದ್ದು ಅಪಾರ. ಆದರೆ ಈ ಬಾಗಿಲು ಸದಾ ತೆರೆದಿತ್ತೆಂದು ಭಾವಿಸಲಾಗದು. ತುರ್ತು ಪರಿಸ್ಥಿತಿಯಲ್ಲಿ ಬಂಧಿತರ ಅರ್ಜಿಗಳು ವಿಚಾರಣೆಗೆ ಅರ್ಹವೆಂದು ಕರ್ನಾಟಕವೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಐವರಲ್ಲಿ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತವಿತ್ತರು. ಬಳಿಕ 1978ರ 44ನೆಯ ತಿದ್ದುಪಡಿಯು, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತುರ್ತು ಪರಿಸ್ಥಿತಿಯಲ್ಲಿಯೂ ತಡೆಯಲಾಗದಂತೆ ಮಾಡಿತು. ಆ ತೀರ್ಪು ಸ್ಪಷ್ಟವಾಗಿ ರದ್ದಾದುದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ.

ಆಗಲೇ 41 ವರ್ಷ ಕಳೆದಿದ್ದವು. ನ್ಯಾಯಮಾರ್ಗವು ತಡವಾಗಿ ಫಲ ಕೊಡುವಂಥದು; ಅಷ್ಟರವರೆಗೆ ರಾಜ್ಯಾಂಗವನ್ನು ಕಾಯುವ ಹೊಣೆ ಪ್ರಜೆಗಳದೇ ಆಗಿರುತ್ತದೆ.