ರಕ್ತನಾಳದ ಊಟಕ್ಕೆ ಕೀಟೋನ್ ಒದಗೀತೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲೇ ಆಗಲಿ, ಸುಸ್ತೆಂದು ಆಸ್ಪತ್ರೆಗೆ ಬಂದವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮಾತು: ‘ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಬಿಡಿ ಡಾಕ್ಟ್ರೇ.’ ಶೇ. 5ರ ಗ್ಲೂಕೋಸ್ ಇರುವ ಅರ್ಧ ಲೀಟರ್ ಬಾಟಲಿಯಲ್ಲಿ ಸಕ್ಕರೆ 25 ಗ್ರಾಂ ಮಾತ್ರ. ಅದರಿಂದ ಸಿಗುವ ಶಕ್ತಿ ಸುಮಾರು 85 ಕಿಲೋಕ್ಯಾಲರಿ. ಒಂದು ಜೋಳದ ರೊಟ್ಟಿ ಇದಕ್ಕಿಂತ ಹೆಚ್ಚು ಕೊಡುತ್ತದೆ. ಆ ಬಾಟಲಿ ದೇಹಕ್ಕೆ ನೀರುಣಿಸುತ್ತದೆ, ಹೊಟ್ಟೆಗೆ ಊಟ ಹಾಕುವುದಿಲ್ಲ.

ಆದರೆ ಉಣ್ಣಲು ಸಾಧ್ಯವೇ ಇಲ್ಲದವರಿದ್ದಾರೆ. ಕರುಳಿನ ಬಹುಭಾಗ ತೆಗೆಸಿಕೊಂಡವರು, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು. ಅಂಥವರಿಗೆ ಪೂರ್ತಿ ಆಹಾರವನ್ನು ರಕ್ತನಾಳದ ಮೂಲಕವೇ ಕೊಡಬೇಕು. ದಿನದ 2,000 ಕಿಲೋಕ್ಯಾಲರಿಯನ್ನು ಶೇ. 5ರ ಗ್ಲೂಕೋಸಿನಿಂದಲೇ ತುಂಬಿಸಹೊರಟರೆ ಸುಮಾರು 12 ಲೀಟರ್ ಬೇಕು. ಅಷ್ಟು ನೀರನ್ನು ದೇಹ ತಡೆಯದು. ದ್ರಾವಣವನ್ನು ತೀರಾ ಗಟ್ಟಿ ಮಾಡಿದರೆ ಕೈಯ ಸಣ್ಣ ರಕ್ತನಾಳ ಉರಿಯೂತದಿಂದ ಕೆಡುತ್ತದೆ. ಹೃದಯದ ಸಮೀಪದ ದೊಡ್ಡ ನಾಳಕ್ಕೇ ಕೊಳವೆ ಇಳಿಸಬೇಕಾಗುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಕೊಬ್ಬು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೋಕ್ಯಾಲರಿ ಇದೆ. ಎಣ್ಣೆಯನ್ನು ನೇರವಾಗಿ ರಕ್ತಕ್ಕೆ ಬಿಟ್ಟರೆ ಶ್ವಾಸಕೋಶದ ಸೂಕ್ಷ್ಮ ನಾಳಗಳು ಕಟ್ಟಿಕೊಳ್ಳುತ್ತವೆ. 1960ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್, ಸೋಯಾ ಎಣ್ಣೆಯನ್ನು ಮೊಟ್ಟೆಯ ಫಾಸ್ಫೋಲಿಪಿಡ್ ಬಳಸಿ ಅತಿಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಬೆರೆಸಿ ‘ಇಂಟ್ರಾಲಿಪಿಡ್’ ರೂಪಿಸಿದರು. ಹಾಲಿನ ಬಣ್ಣದ ಈ ದ್ರವವನ್ನು ಸಣ್ಣ ನಾಳವೂ ತಾಳಿಕೊಳ್ಳುತ್ತದೆ. ಆದರೆ ಅದನ್ನೇ ಬಹುಕಾಲ ಕೊಟ್ಟರೆ ಕೂಸುಗಳ ಯಕೃತ್ತಿಗೆ ಹಾನಿಯಾಗಬಹುದು. ರಕ್ತದಲ್ಲಿ ಟ್ರೈಗ್ಲಿಸರೈಡ್ ಏರಬಹುದು. ಮೀನೆಣ್ಣೆ ಬೆರೆಸಿದ ಹೊಸ ಮಿಶ್ರಣಗಳು ಬಂದದ್ದು ಇದಕ್ಕಾಗಿಯೇ.

ಇಲ್ಲಿಯೇ ಕೀಟೋನ್ ವಿಜ್ಞಾನಿಗಳ ಗಮನ ಸೆಳೆಯಿತು. ದೀರ್ಘ ಉಪವಾಸದಲ್ಲಿ ಯಕೃತ್ತು ಕೊಬ್ಬನ್ನು ಒಡೆದು ಅಸಿಟೋಅಸಿಟೇಟ್, ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್‌ಗಳನ್ನು ತಯಾರಿಸುತ್ತದೆ. ಹಲವು ವಾರ ಉಪವಾಸವಿದ್ದವರಲ್ಲಿ ಮಿದುಳು ಗ್ಲೂಕೋಸಿನ ಬದಲು ಬಹುಪಾಲು ಇವುಗಳಿಂದಲೇ ನಡೆಯುತ್ತದೆಂದು 1967ರಲ್ಲಿ ಜಾರ್ಜ್ ಕಾಹಿಲ್ ತಂಡ ತೋರಿಸಿತು. ಇವು ನೀರಿನಲ್ಲಿ ಕರಗುತ್ತವೆ, ಹನಿ ಮಾಡುವ ಕೆಲಸವಿಲ್ಲ.

ತೊಡಕು ಬೇರೆ ಕಡೆ ಇದೆ. ಕೀಟೋನ್‌ಗಳು ಆಮ್ಲಗಳು, ಹಾಗೇ ಕೊಟ್ಟರೆ ರಕ್ತದ ಆಮ್ಲೀಯತೆ ಏರುತ್ತದೆ, ಸೋಡಿಯಂ ಲವಣವಾಗಿಸಿ ಕೊಟ್ಟರೆ ಸೋಡಿಯಂ ಮಿತಿಮೀರುತ್ತದೆ. ಆದ್ದರಿಂದ ಅಮೆರಿಕದ ಬಿರ್ಕಾನ್ ಮತ್ತು ಬಾರ್ಡರ್ 1970ರ ದಶಕದಲ್ಲಿ ಅಸಿಟೋಅಸಿಟೇಟನ್ನು ಗ್ಲಿಸರಾಲ್‌ಗೆ ಜೋಡಿಸಿದ ಮೊನೊಅಸಿಟೋಅಸಿಟಿನ್ ಎಂಬ ಎಸ್ಟರನ್ನು ಇಲಿಗಳ ರಕ್ತನಾಳಕ್ಕೆ ಹರಿಸಿ ಪರೀಕ್ಷಿಸಿದರು. ದೇಹದಲ್ಲಿ ಅದು ಒಡೆದಾಗ ಎರಡು ಭಾಗವೂ ಇಂಧನವಾಗುತ್ತವೆ. ಆದರೂ ಇಂಥ ಸಣ್ಣ ಅಣುಗಳ ಗಟ್ಟಿ ದ್ರಾವಣ ರಕ್ತನಾಳವನ್ನು ಕೆರಳಿಸಬಲ್ಲದು.

ಇದಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಲಿನೊಲೆಯಿಕ್ ಆಮ್ಲದಂಥ ಅಗತ್ಯ ಕೊಬ್ಬಿನಾಮ್ಲಗಳನ್ನು ದೇಹ ತಯಾರಿಸಲಾರದು. ಅವಿಲ್ಲದೆ ಚರ್ಮ ಹೊಟ್ಟೇಳುತ್ತದೆ, ಗಾಯ ಬೇಗ ಮಾಯುವುದಿಲ್ಲ, ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ. ಕೀಟೋನ್ ಇಂಧನವನ್ನಷ್ಟೇ ಕೊಡಬಲ್ಲದು. ಆದ್ದರಿಂದ ಅದು ಕೊಬ್ಬಿನ ಪಾಲನ್ನು ತಗ್ಗಿಸಬಹುದೇ ಹೊರತು ಪೂರ್ತಿ ತೆಗೆದುಹಾಕಲಾರದು. ಆಸ್ಪತ್ರೆಗಳ ರೂಢಿಯಲ್ಲಿರುವುದು ಇಂದಿಗೂ ಇಂಟ್ರಾಲಿಪಿಡ್‌ನಂಥ ಕೊಬ್ಬಿನ ಎಮಲ್ಶನ್ನೇ.

ಉಣ್ಣಲಾರದವರಿಗಾಗಿ ಈ ಸಂಶೋಧನೆ ಮುಂದುವರಿಯಬೇಕು. ಉಣ್ಣಬಲ್ಲವರಿಗೆ ಕರುಳಿಗಿಂತ ಒಳ್ಳೆಯ ದಾರಿ ಇಲ್ಲ. ಆದ್ದರಿಂದ ಸುಸ್ತಾದಾಗ ಬಾಟಲಿ ಹಾಕಿಸಿಕೊಳ್ಳಲು ಒತ್ತಾಯಿಸಬೇಡಿ. ಸುಸ್ತಿಗೆ ಕಾರಣವೇನೆಂದು ವೈದ್ಯರನ್ನು ಕೇಳಿ.