ನಡುಗಡ್ಡೆಗೆ ಕಾಲಿಡದ ಕಾವಲುಗಾರರು

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಹಾದಿ ಹಿಡಿದು ಸುಮಾರು 30 ಕಿಲೋಮೀಟರು ಸಾಗಿದರೆ ಮಂಡಗದ್ದೆ ಸಿಗುತ್ತದೆ. ರಸ್ತೆಯ ಮಗ್ಗುಲಲ್ಲಿಯೇ ತುಂಗೆ. ತುಂಗೆಯ ನಡುವೆ ಒಂದೂಕಾಲು ಎಕರೆಯನ್ನೂ ಮೀರದ ಪುಟ್ಟ ನಡುಗಡ್ಡೆ. ಮಳೆಗಾಲ ಕಾಲಿಟ್ಟಿತೆಂದರೆ ಅಲ್ಲಿಯ ಮರಗಳೆಲ್ಲ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಬಾಣಂತಿಕೋಣೆಗಳು. ಕೆಳಗೆ ಕೆಂಪು ಹೊಳೆಯ ಭೋರ್ಗರೆತ, ಮೇಲೆ ಮರಿಗಳ ಗದ್ದಲ. ಹೊಳೆ ಅಳತೆ ಮೀರಿ ಉಕ್ಕಿದ ವರ್ಷ ತಗ್ಗಿನ ಕೊಂಬೆಗಳೊಡನೆ ಗೂಡುಗಳೂ ನೀರುಪಾಲು.

ಭದ್ರೆಯ ಕಥೆ ಇದಕ್ಕೆ ತಲೆಕೆಳಗು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಲಕ್ಕವಳ್ಳಿಯ ಬಳಿ, 1960ರ ದಶಕದಲ್ಲಿ ಪೂರ್ಣಗೊಂಡ ಅಣೆಕಟ್ಟು ಕಣಿವೆಯನ್ನು ಜಲಾಶಯವನ್ನಾಗಿಸಿತು. ಮಳೆಗಾಲದಲ್ಲಿ ಮುಳುಗಿದ ಗುಡ್ಡಗಳು, ಬೇಸಗೆಯಲ್ಲಿ ನೀರಿಳಿದಂತೆ ಬೋಳುತಲೆಗಳನ್ನು ಎತ್ತುತ್ತವೆ. ಆ ಬೋಳು ನೆಲಕ್ಕಾಗಿಯೇ ಕಾದಿರುವ ಹಕ್ಕಿ ನದಿ ರೀವ. ಕಪ್ಪು ನೆತ್ತಿ, ಹಳದಿ ಕೊಕ್ಕು, ಬೂದು ಬೆನ್ನು, ಕವಲೊಡೆದ ಬಾಲ. ಇದಕ್ಕೆ ಮರವೂ ಬೇಡ, ಹುಲ್ಲುಕಡ್ಡಿಯೂ ಬೇಡ. ನೆಲದಲ್ಲಿ ಒಂದು ಸಣ್ಣ ಕುಳಿ ಕೆದರಿ ಎರಡು ಮೂರು ಚುಕ್ಕೆಮೊಟ್ಟೆಗಳನ್ನಿಟ್ಟರೆ ಸಂಸಾರ ಹೂಡಿದಂತೆಯೇ ಸರಿ. ಸಾವಿರಾರು ಹಕ್ಕಿಗಳು ಹೀಗೆ ಒಂದೆಡೆ ನೆರೆಯುವ ನೋಟ ನಾಡಿನಲ್ಲಿ ಅಪರೂಪ.

ಬ್ರಿಟನ್ನಿನ ಫಾರ್ನ್ ದ್ವೀಪಗಳಲ್ಲಿ ಪ್ರತಿ ಶರತ್ಕಾಲದಲ್ಲಿ ಬೂದು ಸೀಲುಗಳು ಮರಿ ಹಾಕುತ್ತವೆ. ಅವನ್ನು ಎಣಿಸಿ ಕಾಯುವವರು ಅಲ್ಲಿದ್ದಾರೆ. ಮಲೆನಾಡಿನಲ್ಲಿ ಸೀಲುಗಳಿಲ್ಲ, ಆದರೆ ಎಣಿಸುವ ಕಾಯಕ ಇಲ್ಲಿಯೂ ಉಂಟು. ಭಾರತವೂ ಸೇರಿದಂತೆ ಈ ಭೂಖಂಡದಲ್ಲಿ 1987ರಿಂದ ಪ್ರತಿ ಜನವರಿಯಲ್ಲಿ ನಡೆದು ಬಂದಿರುವ ಏಷ್ಯನ್ ಜಲಪಕ್ಷಿ ಗಣತಿ ನಿಂತಿರುವುದು ಸ್ವಯಂಸೇವಕರ ಮೇಲೆ. ಸಂಬಳವಿಲ್ಲ, ಸನ್ಮಾನವಿಲ್ಲ. ಬೆಳಕು ಹರಿಯುವ ಮುನ್ನ ದುರ್ಬೀನು, ಟಿಪ್ಪಣಿ ಪುಸ್ತಕಗಳೊಡನೆ ಕೆರೆಯ ಏರಿಗೋ ಹಿನ್ನೀರಿನ ಅಂಚಿಗೋ ಹಾಜರು.

ಸಾವಿರ ಹಕ್ಕಿಗಳನ್ನು ಎಣಿಸುವುದಾದರೂ ಹೇಗೆ? ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿ, ಆ ಅಳತೆಯಿಂದ ಇಡೀ ಹಿಂಡನ್ನು ಅಳೆಯುವುದು. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ತಾಳೆ ನೋಡುವುದೂ ಉಂಟು.

ಈ ಕಾಯಕದ ಮೊದಲ ನಿಯಮ ದೂರ ನಿಲ್ಲುವುದು. ಚಿತ್ರದ ಆಸೆಗೆ ಯಾರೋ ದೋಣಿಯನ್ನು ನಡುಗಡ್ಡೆಗೆ ತಾಗಿಸಿದರೆನ್ನಿ. ರೀವಗಳೆಲ್ಲ ಒಮ್ಮೆಲೇ ಚೀರುತ್ತ ಮೇಲೇಳುತ್ತವೆ. ರೆಕ್ಕೆಯ ನೆರಳು ತಪ್ಪಿದ ಮೊಟ್ಟೆಗಳು ಏಪ್ರಿಲ್ ಬಿಸಿಲಿಗೆ ಬೇಯುತ್ತವೆ. ಹೊಂಚಿ ಕುಳಿತ ಹದ್ದು, ಕಾಗೆಗಳಿಗೆ ಔತಣ. ಮಣ್ಣಿನ ಬಣ್ಣದಲ್ಲಿ ಬೆರೆತ ಮೊಟ್ಟೆಯನ್ನು ಮೆಟ್ಟಿದವನಿಗೆ ಮೆಟ್ಟಿದ್ದೂ ತಿಳಿಯದು.

ದೊಡ್ಡ ಭಯ ನೀರಿನದು. ನೀರು ಅತಿಯಾಗಿ ಇಳಿದರೆ ನಡುಗಡ್ಡೆ ದಡಕ್ಕೆ ಕೂಡಿಕೊಂಡು ನಾಯಿ ನರಿಗಳಿಗೆ ದಾರಿಯಾಗುತ್ತದೆ. ಅಕಾಲದಲ್ಲಿ ಏರಿದರೆ ಮೊಟ್ಟೆಗಳು ಮುಳುಗುತ್ತವೆ. ಅದೇ ನೀರು ಗದ್ದೆಗಳಿಗೂ ಬೇಕು, ಊರುಗಳಿಗೂ ಬೇಕು. ಉತ್ತರ ಭಾರತದ ನದಿಗಳಲ್ಲಿ ಮರಳುದಿಬ್ಬಗಳು ಕರಗುತ್ತಿರುವುದರಿಂದ ನೆಲೆ ತಪ್ಪಿದ ಈ ಹಕ್ಕಿಯನ್ನು ವಿಶ್ವ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಈಗ ಅಪಾಯಕ್ಕೆ ಸಿಲುಕಬಲ್ಲ ಪ್ರಭೇದಗಳ ಸಾಲಿನಲ್ಲಿ ಸೇರಿಸಿದೆ. ಮನುಷ್ಯ ಕಟ್ಟಿದ ಜಲಾಶಯವೇ ಅದಕ್ಕೆ ಆಸರೆಯಾಗಿರುವುದು ವಿಚಿತ್ರವಾದರೂ ನಿಜ.

ಒಂದು ವರ್ಷದ ಎಣಿಕೆ ಬರಿಯ ಸಂಖ್ಯೆ. ಇಪ್ಪತ್ತು ವರ್ಷಗಳ ಎಣಿಕೆ ಸಾಕ್ಷಿ. ಯಾವ ಬೇಸಗೆಯಲ್ಲಿ ನೀರು ಎಷ್ಟಿತ್ತು, ಎಷ್ಟು ಮರಿಗಳು ಹಾರಿದುವು ಎಂಬುದನ್ನು ಬರೆದಿಟ್ಟವರಿದ್ದರೆ ಮಾತ್ರ, ನೀರಿನ ಲೆಕ್ಕ ಹಾಕುವವರ ಮುಂದೆ ಹಕ್ಕಿಯ ಪರವಾಗಿ ಒಂದು ಮಾತು ಇಡಬಹುದು. ಮುಂಗಾರಿನ ಮೊದಲ ಮಳೆಗೆ ಭದ್ರೆಯ ದಿಬ್ಬಗಳು ಮತ್ತೆ ಮುಳುಗುತ್ತವೆ. ಅಷ್ಟರಲ್ಲಿ ಮರಿಗಳ ರೆಕ್ಕೆ ಬಲಿತಿರಬೇಕು. ದಡದಲ್ಲಿ ನಿಂತವರ ಹಾರೈಕೆ ಇಷ್ಟೇ.