ಆವಿಗೆಯನ್ನು ಉಳಿಸಿದ ಬಟ್ಟಲು

ಬೆಂಗಳೂರಿನ ಕರಕುಶಲ ಮೇಳಗಳಲ್ಲಿ ಒಂದು ಪ್ರಸಂಗ ತಪ್ಪದೆ ನಡೆಯುತ್ತದೆ. ಸೆರಾಮಿಕ್ ಮಳಿಗೆಯ ಮುಂದೆ ನಿಂತವರೊಬ್ಬರು ಕಪ್ ಒಂದನ್ನು ಎತ್ತಿಕೊಳ್ಳುತ್ತಾರೆ. ಹಿಡಿಯೊಳಗೆ ಬೆರಳು ತೂರಿಸಿ, ತಿರುಗಿಸಿ ನೋಡಿ, ಮೆಚ್ಚಿ, ಬೆಲೆ ಕೇಳುತ್ತಾರೆ. ‘ಎಂಟುನೂರು’ ಎಂದ ಕೂಡಲೇ ಕಪ್ ಮೆಲ್ಲಗೆ ಇದ್ದ ಜಾಗಕ್ಕೆ ಮರಳುತ್ತದೆ. ‘ಮಣ್ಣಿಂದ ತಾನೇ ಮಾಡೋದು?’ ಎಂಬ ಮಾತು ಹಿಂದೆಯೇ ಬರುತ್ತದೆ. ಮಾರುವ ಹುಡುಗಿ ನಕ್ಕು ಸುಮ್ಮನಾಗುತ್ತಾಳೆ. ಆ ಮಾತನ್ನು ಅವಳು ಬೆಳಗಿನಿಂದ ಎಷ್ಟು ಸಲ ಕೇಳಿದ್ದಾಳೋ!

ಕೇಳಿದವರದ್ದೂ ತಪ್ಪಲ್ಲ, ಬೆಲೆ ಹೇಳಿದವಳದ್ದೂ ತಪ್ಪಲ್ಲ. ಪಾತ್ರೆ ಸಾಮಾನ್ಯರ ಅಡುಗೆಮನೆಗೆ ಎಟುಕಬೇಕು, ಮಾಡಿದವರ ಮನೆಯ ಒಲೆಯೂ ಉರಿಯಬೇಕು. ಸಣ್ಣ ಸೆರಾಮಿಕ್ ಸ್ಟುಡಿಯೊ ನಡೆಸುವವರೆಲ್ಲ ಬಿಡಿಸಲು ಹೆಣಗುವ ಲೆಕ್ಕ ಇದೇ. ಈ ಲೆಕ್ಕದ ಜೊತೆ ಅರ್ಧ ಶತಮಾನಕ್ಕೂ ಮಿಕ್ಕಿ ಗುದ್ದಾಡಿದ ಕುಂಬಾರಶಾಲೆಯೊಂದು ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಸೀಮೆಯಲ್ಲಿದೆ. ಸೇಂಟ್ ಐವ್ಸ್ ಎಂಬ ಕಡಲೂರಿನ ಈ ಶಾಲೆಯ ಹೆಸರು ಲೀಚ್ ಪಾಟರಿ. ಇವತ್ತು ಸ್ಟುಡಿಯೊ ಪಾಟರಿ ಎಂದು ಕರೆಸಿಕೊಳ್ಳುವ ಕಸುಬಿನ ಬೇರು ಬಹುಮಟ್ಟಿಗೆ ಅಲ್ಲಿಗೇ ಹೋಗಿ ಸೇರುತ್ತದೆ.

ಸೌದೆಯಿಲ್ಲದ ಊರಲ್ಲಿ ಆವಿಗೆ

ಬರ್ನಾರ್ಡ್ ಲೀಚ್ (1887–1979) ಹುಟ್ಟಿದ್ದು ಹಾಂಗ್‌ಕಾಂಗ್‌ನಲ್ಲಿ. ಎಚಿಂಗ್ ಕಲೆಯನ್ನು ಕಲಿಸುವ ಉದ್ದೇಶದಿಂದ 1909ರಲ್ಲಿ ಜಪಾನಿಗೆ ಹೋದರು. 1911ರಲ್ಲಿ ಒಂದು ಕೂಟಕ್ಕೆ ಕರೆ ಬಂತು. ಅಲ್ಲಿ ಅತಿಥಿಗಳ ಕೈಗೆ ಕುಂಚ ಕೊಟ್ಟು ಪಾತ್ರೆಗಳ ಮೇಲೆ ಚಿತ್ರ ಬರೆಸಿ, ಅವರ ಕಣ್ಣೆದುರೇ ಪುಟ್ಟ ಆವಿಗೆಯಲ್ಲಿ ರಾಕು ಪದ್ಧತಿಯಂತೆ ಸುಟ್ಟುಕೊಡುತ್ತಿದ್ದರು. ತಾನು ಬಣ್ಣ ಹಚ್ಚಿದ ಪಾತ್ರೆ ಕೆಂಡದ ಹಾಗೆ ಹೊರಬಂದದ್ದನ್ನು ಕಂಡ ಲೀಚ್‌ಗೆ ಮಣ್ಣಿನ ಹುಚ್ಚು ಹಿಡಿಯಿತು. ಆರನೆಯ ಕೆಂಜಾನ್ ಎಂಬ ಕುಂಬಾರರ ಬಳಿ ಶಿಷ್ಯವೃತ್ತಿ ಮಾಡಿ, 1920ರಲ್ಲಿ ಇಂಗ್ಲೆಂಡಿಗೆ ಮರಳಿದರು. ಜೊತೆಗೆ ಬಂದದ್ದು ಹಮಾಡಾ ಶೋಜಿ ಎಂಬ ತರುಣ. ಕಾಲೇಜಿನಲ್ಲಿ ಗ್ಲೇಜ್‌ಗಳ, ಅಂದರೆ ಗಾಜಿನ ಲೇಪಗಳ, ರಸಾಯನಶಾಸ್ತ್ರ ಓದಿ ಬಂದಿದ್ದವ.

ಸೇಂಟ್ ಐವ್ಸ್‌ನ ಕರಕುಶಲ ಸಂಘದ ಫ್ರಾನ್ಸಿಸ್ ಹಾರ್ನ್ ಎಂಬಾಕೆ ಬಂಡವಾಳ ಕೊಟ್ಟರು. ಊರಾಚೆ ಸ್ಟೆನಾಕ್ ತೊರೆಯ ಪಕ್ಕ ಜಾಗ ಸಿಕ್ಕಿತು. ಪೂರ್ವದೇಶದ ಮಾದರಿಯ, ಗುಡ್ಡ ಹತ್ತುವಂಥ ಆವಿಗೆಯೊಂದು ಎದ್ದಿತು. ಪಶ್ಚಿಮದ ದೇಶಗಳಲ್ಲಿ ಅಂಥದ್ದು ಅದೇ ಮೊದಲು ಎನ್ನುತ್ತಾರೆ. ಇಳಿಜಾರಿನಲ್ಲಿ ಒಂದರ ಮೇಲೊಂದು ಕೋಣೆ. ಕೆಳಗಿನ ಕೋಣೆಯ ಬೆಂಕಿ ಹಾಳಾಗದೆ ಮೇಲಿನದಕ್ಕೆ ಏರುತ್ತದೆ. ಮೊದಲು ಕಟ್ಟಿದ್ದು ಸರಿಬರಲಿಲ್ಲ. ಕುಂಬಾರ ಮನೆತನದ ಮತ್ಸುಬಯಾಶಿ ಎಂಬ ಜಪಾನಿ ಬಂದು ಮೂರು ಕೋಣೆಯ ಆವಿಗೆಯನ್ನು ಹೊಸದಾಗಿ ಕಟ್ಟಿಕೊಟ್ಟರು.

ಆದರೆ ಆವಿಗೆಗೆ ಹಾಕಲು ಸೌದೆಯೇ? ಕಡಲ ಗಾಳಿ ಬೀಸುವ ಕಾರ್ನ್‌ವಾಲ್‌ನಲ್ಲಿ ಮರ ಕಡಿಮೆ. ಪಾತ್ರೆಗೆ ಒದಗುವ ಜೇಡಿಮಣ್ಣನ್ನೂ ಹುಡುಕಿಕೊಂಡು ಅಲೆಯಬೇಕು. ಹದ ತಪ್ಪಿದರೆ ಆವಿಗೆಯ ಸರಕಿನಲ್ಲಿ ಎಷ್ಟೋ ಪಾಲು ಬಿರುಕು, ಸೊಟ್ಟ, ಗುಳ್ಳೆ. ಚೆನ್ನಾಗಿ ಬಂದ ನಾಲ್ಕಾರನ್ನು ಲಂಡನ್ನಿನ ಗ್ಯಾಲರಿಗಳಿಗೆ, ಕೆಲವನ್ನು ಜಪಾನಿನ ಪ್ರದರ್ಶನಗಳಿಗೆ ಕಳಿಸಿ ಲೀಚ್ ಸಾಲ ತೀರಿಸಲು ನೋಡುತ್ತಿದ್ದರು. ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗೆ ಕುಂಚ ಕೊಟ್ಟು ರಾಕು ಸುಟ್ಟುಕೊಡುತ್ತಿದ್ದದ್ದೂ ಉಂಟು. ಹಮಾಡಾ 1923ರಲ್ಲಿ ಊರಿಗೆ ಮರಳಿದರು. ಮೈಕೆಲ್ ಕಾರ್ಡ್ಯೂ ಮೊದಲಾದ ಪ್ರತಿಭಾವಂತರು ಶಿಷ್ಯರಾಗಿ ಬಂದರು, ಕಲಿತು ಹೋದರು. ಹೆಸರೇನೋ ಆಯಿತು, ಕಾಸು ಆಗಲಿಲ್ಲ.

ಮಗ ಹಾಕಿದ ಲೆಕ್ಕ

ಮಗ ಡೇವಿಡ್ 1930ರಲ್ಲಿ ಅಪ್ಪನ ಜೊತೆ ಕೆಲಸಕ್ಕೆ ನಿಂತ. ಅಪ್ಪ ಕಲಾವಿದ, ಮಗ ಲೆಕ್ಕ ಬಲ್ಲವ. ಆ ಹೊತ್ತಿಗೆ ನೆರವಿಗೆ ಬಂದವರು ಡಾರ್ಟಿಂಗ್ಟನ್ ಹಾಲ್ ಎಂಬ ಎಸ್ಟೇಟಿನ ಎಲ್ಮ್‌ಹರ್ಸ್ಟ್ ದಂಪತಿ. ಈ ಲೆನರ್ಡ್ ಎಲ್ಮ್‌ಹರ್ಸ್ಟ್ ನಮಗೆ ಹೊರಗಿನವರಲ್ಲ. ರವೀಂದ್ರನಾಥ ಠಾಕೂರರ ಕರೆಗೆ ಬಂದು 1922ರಲ್ಲಿ ಶ್ರೀನಿಕೇತನದ ಗ್ರಾಮ ಪುನರ್ನಿರ್ಮಾಣ ಕೇಂದ್ರವನ್ನು ಕಟ್ಟಿ ನಿಲ್ಲಿಸಿದವರು. ಅವರ ನೆರವಿನಿಂದ ಲೀಚ್ 1934ರಲ್ಲಿ ಮತ್ತೆ ಜಪಾನಿಗೆ ಹೊರಟರು. ಡೇವಿಡ್ ಹೋದದ್ದು ಸ್ಟೋಕ್-ಆನ್-ಟ್ರೆಂಟ್‌ಗೆ, ಪಿಂಗಾಣಿ ಕಾರ್ಖಾನೆಗಳ ಊರಿಗೆ, ಅಲ್ಲಿನ ತಾಂತ್ರಿಕ ಕಾಲೇಜು ಸೇರಲು. ಯಂತ್ರದ ಪಾತ್ರೆಗಳನ್ನು ಕಂಡರಾಗದ ಅಪ್ಪನಿಗೆ ಇದು ಹಿಡಿಸಲಿಲ್ಲ.

ಆದರೆ ಕುಂಬಾರಶಾಲೆಯನ್ನು ಉಳಿಸಿದ್ದು ಆ ಓದೇ. ಡೇವಿಡ್ ಮಣ್ಣು ನಾದಲು ಯಂತ್ರ ತಂದ, ಆವಿಗೆಗೆ ಎಣ್ಣೆಯ ಉರಿ ಜೋಡಿಸಿದ. ಕಡಿಮೆ ಶಾಖದಲ್ಲಿ ಬೇಯುವ ಮೆದು ಪಾತ್ರೆಗಳನ್ನು ಬಿಟ್ಟು ಸ್ಟೋನ್‌ವೇರ್‌ಗೆ ಬಂದ. ನಮ್ಮ ನೀರಿನ ಮಡಕೆ ಸಾಮಾನ್ಯವಾಗಿ 700ರಿಂದ 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯುತ್ತದೆ. ಅದರ ಮೈಯಲ್ಲಿ ನೀರು ಜಿನುಗುವುದರಿಂದಲೇ ಒಳಗೆ ತಂಪು. ಸ್ಟೋನ್‌ವೇರ್‌ಗೆ 1,200 ಡಿಗ್ರಿಗೂ ಮಿಕ್ಕಿದ ಶಾಖ ಬೇಕು. ಆಗ ಮಣ್ಣು ಕಲ್ಲಿನಷ್ಟು ಗಟ್ಟಿಯಾಗಿ, ನೀರು ಹೀರುವುದನ್ನು ಹೆಚ್ಚುಕಡಿಮೆ ನಿಲ್ಲಿಸುತ್ತದೆ. ಡೇವಿಡ್ ಆಳುಕಾಳಿನ ಕ್ರಮವನ್ನೂ ಬದಲಿಸಿದ. ಬಂದು ಹೋಗುವ ಕಲಾಶಾಲೆಯ ವಿದ್ಯಾರ್ಥಿಗಳ ಜೊತೆಗೆ, ನೆಲೆನಿಂತು ದುಡಿಯಲು ಊರಿನ ಹುಡುಗರನ್ನೇ ತೆಗೆದುಕೊಂಡ. 1938ರಲ್ಲಿ ಸೇರಿದ ಬಿಲ್ ಮಾರ್ಷಲ್ ಅವರಲ್ಲಿ ಮೊದಲಿಗ, ಮುಂದೆ ತಿಗರಿಯ ಮೇಲೆ ಅವನನ್ನು ಮೀರಿಸುವವರಿರಲಿಲ್ಲ.

ಸರಕಿಗೆ ಸ್ಟಾಂಡರ್ಡ್ ವೇರ್ ಎಂದು ಹೆಸರಿಟ್ಟರು: ಸೂಪಿನ ಮುಚ್ಚಳದ ಬಟ್ಟಲು, ಹಾಲಿನ ಹೂಜಿ, ಮೊಟ್ಟೆ ಬೇಯಿಸುವ ಪಾತ್ರೆ, ಟೀ ಕಪ್, ತಟ್ಟೆ. ಎಲ್ಲವೂ ನಿತ್ಯದ ಬಳಕೆಯವು, ಎಲ್ಲಕ್ಕೂ ನಿಗದಿಯಾದ ಆಕಾರ, ಅಳತೆ, ಬೆಲೆ.

ತೂಗಿದ ಉಂಡೆ

ಸ್ಟಾಂಡರ್ಡ್ ಎಂದರೆ ಅಚ್ಚಿನಲ್ಲಿ ಒತ್ತಿದ್ದಲ್ಲ, ತಿಗರಿಯ ಮೇಲೆ ಕೈಯಲ್ಲೇ ಎತ್ತಿದ್ದು. ಒಂದೊಂದು ಪಾತ್ರೆಗೂ ಇಷ್ಟೇ ಮಣ್ಣು ಎಂದು ತಕ್ಕಡಿಯಲ್ಲಿ ತೂಗಿ ಉಂಡೆ ಕಟ್ಟುತ್ತಾರೆ, ಹೋಳಿಗೆಗೆ ಕಣಕದ ಉಂಡೆ ಕಟ್ಟಿಟ್ಟ ಹಾಗೆ. ಕುಂಬಾರ ಕಾಲಲ್ಲಿ ತುಳಿಯುವ ತಿಗರಿಯ ಮುಂದೆ ಕೂತು ಉಂಡೆಯನ್ನು ನಟ್ಟನಡುವೆ ಕೂರಿಸಿ, ಹೆಬ್ಬೆರಳಿಂದ ತೆರೆದು, ಗೋಡೆ ಎತ್ತುತ್ತಾನೆ. ದಾರ ಎಳೆದು ಬಿಡಿಸಿ ಹಲಗೆಯ ಮೇಲಿಡುತ್ತಾನೆ. ಮತ್ತೊಂದು ಉಂಡೆ. ಹಲಗೆ ತುಂಬುವ ಹೊತ್ತಿಗೆ ಸಾಲಿನಲ್ಲಿ ನಿಂತ ಕಪ್‌ಗಳು ಅಣ್ಣತಮ್ಮಂದಿರಂತೆ ಕಾಣುತ್ತವೆ, ಅವಳಿಗಳಂತೆ ಅಲ್ಲ.

ಮಾರನೆಯ ದಿನ ಅರೆ ಆರಿದ ಕಪ್ಪನ್ನು ಬೋರಲು ಹಾಕಿ ತಳ ಕೆರೆಯಬೇಕು. ಹಿಡಿಗೆ ಒದ್ದೆ ಮಣ್ಣಿನ ಗಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಮತ್ತೊಂದು ಕೈ ನೀರಲ್ಲಿ ಅದ್ದಿ, ಹಾಲು ಕರೆಯುವಂತೆ ಎಳೆದೆಳೆದು ಪಟ್ಟಿ ಮಾಡುತ್ತಾರೆ. ಅದನ್ನು ಬಾಗಿಸಿ ಕಪ್ಪಿಗೆ ಅಂಟಿಸುತ್ತಾರೆ. ಪೂರ್ತಿ ಆರಿದ ಮೇಲೆ ಒಂದು ಸಲ ಸುಡಬೇಕು. ಲೀಚ್ ಆವಿಗೆಯ ಮೂರನೆಯ ಕೋಣೆ ಈ ಮೊದಲ ಸುಡುವಿಕೆಗೆ ಒದಗುತ್ತಿತ್ತು, ಉಳಿದೆರಡು ಕೋಣೆ ದಾಟಿ ಬಂದ ಶಾಖವೇ ಅಲ್ಲಿಗೆ ಸಾಕು. ಆಮೇಲೆ ಲೇಪದಲ್ಲಿ ಅದ್ದಿ, ತಳವನ್ನು ಒರೆಸಿ, ಎರಡನೆಯ ಬಾರಿ ಸುಡಬೇಕು. ಒದ್ದೆ ಮಣ್ಣಿನಿಂದ ಬೆಂದ ಪಾತ್ರೆಯಾಗುವ ಹೊತ್ತಿಗೆ ಕಪ್ ಹತ್ತರಲ್ಲಿ ಒಂದು ಪಾಲಿಗೂ ಹೆಚ್ಚು ಕುಗ್ಗಿರುತ್ತದೆ. ಈ ದಾರಿಯ ಯಾವ ಹಂತದಲ್ಲಾದರೂ ಪಾತ್ರೆ ಕೈಕೊಡಬಹುದು. ಮಾರುವ ಕಪ್ಪಿನ ಬೆಲೆಯಲ್ಲಿ ಒಡೆದ ಕಪ್ಪಿನ ಪಾಲೂ ಸೇರಿರುತ್ತದೆ. ಮೇಳದ ಹುಡುಗಿ ನಕ್ಕು ಸುಮ್ಮನಾಗುವುದು ಇದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಲಾಗದೆ.

ಸ್ಟಾಂಡರ್ಡ್ ವೇರ್‌ಗೆ ಮಾಡಿದವರ ಮುದ್ರೆ ಇರಲಿಲ್ಲ, ಸೇಂಟ್ ಐವ್ಸ್ ಎಂಬ ಶಾಲೆಯ ಮುದ್ರೆ ಮಾತ್ರ. ಬರ್ನಾರ್ಡ್ ಲೀಚ್ ತಾವೇ ಮಾಡಿದ ಬಿಡಿ ಪಾತ್ರೆಗಳಿಗೆ ಮಾತ್ರ ತಮ್ಮ ಹೆಸರಿನ ಮುದ್ರೆಯನ್ನೂ ಒತ್ತುತ್ತಿದ್ದರು. ಅವಕ್ಕೆ ಬೇರೆಯದೇ ಬೆಲೆ, ಬೇರೆಯದೇ ಗಿರಾಕಿ. ಹೆಸರಿಲ್ಲದ ಕುಂಬಾರನೇ ದೊಡ್ಡವನು ಎಂದು ಸಾರಿದವರ ಹೆಸರೇ ಜಗತ್ತಿನಲ್ಲಿ ಉಳಿಯಿತು, ನಿತ್ಯ ಹಲಗೆ ತುಂಬಿಸಿದವರ ಹೆಸರನ್ನು ಬಲ್ಲವರು ಕಡಿಮೆ. ಈ ಓರೆಯನ್ನು ಮರೆಮಾಚಬೇಕಿಲ್ಲ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಸೇಂಟ್ ಐವ್ಸ್‌ನಲ್ಲಿ ಅಕ್ಷರಶಃ ನಡೆದುಹೋಯಿತು. 1941ರ ಜನವರಿಯಲ್ಲಿ ಜರ್ಮನ್ ಬಾಂಬೊಂದು ಬಿದ್ದು ಕುಂಬಾರಶಾಲೆ ಜಖಂಗೊಂಡಿತು. ರಿಪೇರಿ ಮಾಡಿ ಮತ್ತೆ ಎದ್ದರು. ಯುದ್ಧದ ನಿರ್ಬಂಧಗಳಿಂದಾಗಿ ಇಂಗ್ಲಿಷ್ ಕಾರ್ಖಾನೆಗಳು 1952ರವರೆಗೂ ಒಳನಾಡಿನ ಮಾರುಕಟ್ಟೆಗೆ ಅಲಂಕಾರವಿಲ್ಲದ ಸಪ್ಪೆ ಪಾತ್ರೆಗಳನ್ನಷ್ಟೇ ಕೊಡಬೇಕಿತ್ತು. ಕಂದು, ಕಪ್ಪು, ಹಸಿರು ಛಾಯೆಯ ಲೀಚ್ ಬಟ್ಟಲುಗಳು ಆಗ ಜನರ ಕಣ್ಣಿಗೆ ಬಿದ್ದವು. 1946ರಿಂದ ಕ್ಯಾಟಲಾಗ್ ಅಚ್ಚಾಯಿತು. ಅಂಚೆಯಲ್ಲಿ ಬೇಡಿಕೆ ಬರತೊಡಗಿತು, ಲಂಡನ್ನಿನ ದೊಡ್ಡ ಅಂಗಡಿಗಳೂ ತರಿಸಿಕೊಂಡವು. ಲಕ್ಷಣವಾದ ಹೂದಾನಿಗಳಿಂದ ಆಗದ್ದು ಸೂಪಿನ ಬಟ್ಟಲಿನಿಂದ ಆಯಿತು.

ಬುಟ್ಟಿಯಲ್ಲಿ ದುಡ್ಡು

ಅಮೆರಿಕದಿಂದ ಸೇಂಟ್ ಐವ್ಸ್‌ಗೆ ಬಂದು ಕಲಿತು ಹೋದ ಶಿಷ್ಯರಲ್ಲಿ ವಾರನ್ ಮೆಕೆಂಜಿ ಒಬ್ಬರು. ಮಿನೆಸೋಟಾ ರಾಜ್ಯದ ಸ್ಟಿಲ್‌ವಾಟರ್ ಬಳಿ ಅವರ ಕುಂಬಾರಶಾಲೆಯಿತ್ತು. ಪಕ್ಕದಲ್ಲಿ ಕಾವಲಿಲ್ಲದ ಮಾರಾಟದ ಕೋಣೆ. ಪಾತ್ರೆಗಳ ಮೇಲೆ ಬೆಲೆ ಚೀಟಿ, ದುಡ್ಡು ಹಾಕಲು ಒಂದು ಬುಟ್ಟಿ. ಬೇಕಾದ್ದು ತೆಗೆದುಕೊಳ್ಳಿ, ಹಣ ಹಾಕಿ, ಚಿಲ್ಲರೆ ನೀವೇ ಎತ್ತಿಕೊಳ್ಳಿ. ಹೆಸರು ಬೆಳೆದರೂ ಅವರು ಬೆಲೆ ಏರಿಸಲಿಲ್ಲ, ಬಟ್ಟಲು ಊಟಕ್ಕೇ ಹೋಗಲಿ ಎಂದು.

ಹೋದದ್ದು ಊಟಕ್ಕಲ್ಲ. ಸಂಗ್ರಹಕಾರರು ರಾಶಿ ರಾಶಿ ಕೊಂಡೊಯ್ದು ಇಂಟರ್‌ನೆಟ್‌ನಲ್ಲಿ ಹತ್ತಾರು ಪಟ್ಟು ಬೆಲೆಗೆ ಮಾರತೊಡಗಿದರು. ಮೆಕೆಂಜಿ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕಿದರು, ಮುದ್ರೆ ಒತ್ತುವುದನ್ನೂ ನಿಲ್ಲಿಸಿದರು. ಏನು ಮಾಡಿದರೂ ನಿಲ್ಲದಿದ್ದಾಗ 2006ರಲ್ಲಿ ಆ ಕೋಣೆಗೆ ಬೀಗ ಬಿತ್ತು. ಅಗ್ಗವಾಗಿ ಕೊಡುವುದೂ ಸುಲಭವಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಪುದುಚೇರಿಯ ದಾರಿ

ನಮ್ಮ ದೇಶಕ್ಕೆ ಈ ಗಾಳಿ ಎರಡು ದಾರಿಯಲ್ಲಿ ಬೀಸಿತು. 1919ರಲ್ಲಿ ಜಪಾನಿಗೆ ಹೋದ ಗುರುಚರಣ್ ಸಿಂಗ್ ಅಲ್ಲಿ ಲೀಚ್ ಮತ್ತು ಹಮಾಡಾ ಅವರ ಬಳಗದಲ್ಲಿ ಬೆರೆತು, ಮುಂದೆ ದೆಹಲಿಯಲ್ಲಿ ನೀಲಿ ಲೇಪದ ಪಾತ್ರೆಗಳಿಂದ ಹೆಸರಾದರು. ಇನ್ನೊಂದು ದಾರಿ ಪುದುಚೇರಿಯದು. ಹಮಾಡಾ ಕುರಿತು ಪುಸ್ತಕ ಬರೆಯಲು ಸೂಸನ್ ಪೀಟರ್ಸನ್ ಜಪಾನಿನ ಮಾಶಿಕೊಗೆ ಹೋದಾಗ ದುಭಾಷಿಯಾಗಿದ್ದವರು ಡೆಬೊರಾ ಸ್ಮಿತ್. ಅವರೂ ರೇ ಮೀಕರ್ ಅವರೂ ಸೇರಿ 1971ರಲ್ಲಿ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಕಟ್ಟಿದರು. ಗಾಳಿಮರದ ಸೌದೆಯಲ್ಲಿ ಸುಟ್ಟ ಅಲ್ಲಿನ ಸ್ಟೋನ್‌ವೇರ್ ದಕ್ಷಿಣದ ಎಷ್ಟೋ ಮನೆಗಳನ್ನು ತಲುಪಿತು. ಅಲ್ಲಿ ಕಲಿತವರು ದೇಶದ ಉದ್ದಗಲಕ್ಕೆ ತಿಗರಿ ಹೂಡಿದ್ದಾರೆ.

ನಮ್ಮಲ್ಲಿ ಕಸುಬು ಬಹಳ ಹಿಂದಿನದು. ಕುಂಬಾರ ಗುಂಡಯ್ಯನನ್ನು ಶರಣನೆಂದು ಪೂಜಿಸಿದ ನಾಡು ಇದು. ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರವಿದೆ. ಬೆಂಗಳೂರಿನ ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ನಲ್ಲಿ ಹಣತೆ, ಮಡಕೆ, ಗಣಪತಿ ಮಾಡುವ ಕುಟುಂಬಗಳಿವೆ. ಹಣತೆಗೆ ಐದು ರೂಪಾಯಿ ಎಂದರೂ ಚೌಕಾಸಿ, ಕಪ್ಪಿಗೆ ಎಂಟುನೂರು ಎಂದರೂ ಚೌಕಾಸಿ. ಮಾಲ್‌ನ ಕಾಫಿಗೆ ಮಾತ್ರ ಯಾರೂ ಚೌಕಾಸಿ ಮಾಡುವುದಿಲ್ಲ.

ಅತ್ತ ಸೇಂಟ್ ಐವ್ಸ್‌ನಲ್ಲಿ, ಬರ್ನಾರ್ಡ್ ಲೀಚ್ ತೀರಿಕೊಂಡ 1979ರ ಹೊತ್ತಿಗೆ ಸ್ಟಾಂಡರ್ಡ್ ವೇರ್ ನಿಂತಿತು. ಪತ್ನಿ ಜಾನೆಟ್ 1997ರವರೆಗೆ ಶಾಲೆ ನಡೆಸಿದರು. ದುರಸ್ತಿಯಾಗಿ 2008ರಲ್ಲಿ ಮತ್ತೆ ಬಾಗಿಲು ತೆರೆದಾಗ, ಒಂದು ಕಡೆ ಹಳೆಯ ಆವಿಗೆಯ ವಸ್ತುಸಂಗ್ರಹಾಲಯ, ಇನ್ನೊಂದು ಕಡೆ ತಿಗರಿಗಳು ತಿರುಗುವ ಹೊಸ ಸ್ಟುಡಿಯೊ. ಅಲ್ಲಿ ಮತ್ತೆ ಮಾಡಲು ಹಿಡಿದದ್ದು ಅದೇ ನಿತ್ಯದ ಬಟ್ಟಲು, ಹೂಜಿ, ಕಪ್.

ಮುಂದಿನ ಮೇಳದಲ್ಲಿ ಕಪ್ ಎತ್ತಿಕೊಂಡಾಗ ಬೆಲೆ ಕೇಳುವ ಮೊದಲು ಬೋರಲು ಮಾಡಿ ನೋಡಿ. ತಳದಲ್ಲಿ ಲೇಪವಿಲ್ಲದ ಉಂಗುರವೊಂದು ಕಾಣುತ್ತದೆ. ಅಲ್ಲಿ ಲೇಪವಿದ್ದಿದ್ದರೆ ಕಪ್ ಆವಿಗೆಯ ಹಲಗೆಗೇ ಅಂಟಿಕೊಳ್ಳುತ್ತಿತ್ತು. ಆ ಉಂಗುರದ ಮೇಲೆ ಬೆರಳಾಡಿಸಿ. ನಿಮ್ಮ ಮೇಜು ಗೀಚದಂತೆ ಅದನ್ನು ಉಜ್ಜಿ ನಯ ಮಾಡಿದ್ದರೆ, ಮಾಡಿದವರು ಬಳಸುವವರನ್ನು ನೆನೆದಿದ್ದಾರೆ ಎಂದೇ ಅರ್ಥ. ದಿನವೂ ಅದರಲ್ಲಿ ಕಾಫಿ ಕುಡಿಯುವುದಾದರೆ ಚೌಕಾಸಿ ಮಾಡದೆ ಕೊಳ್ಳಿ. ಷೋಕೇಸಿನಲ್ಲಿ ಇಡುವುದಾದರೆ ಬಿಟ್ಟುಬನ್ನಿ, ಕುಡಿಯುವವರು ಯಾರಾದರೂ ಬರುತ್ತಾರೆ.